ವ್ರತ ಒಬ್ಬರದು, ಒಲೆ ಇನ್ನೊಬ್ಬರದು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ‘ಕುಟುಂಬ ಮತ್ತು ನಂಬಿಕೆ’ ಎಂದು ಹಾಕಿದ್ದಾರೆ. ದೇವರು ಇದ್ದಾನಾ ಇಲ್ಲವಾ ಎಂಬ ಚರ್ಚೆ ಕೇಳಲು ಬಂದವರಿದ್ದರೆ ಈಗಲೇ ಹೇಳಿಬಿಡುತ್ತೇನೆ, ನಾನು ಆ ಕಡೆ ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಆ ಪ್ರಶ್ನೆಗೆ ಜಗಳ ಆಗುವುದು ಕಡಿಮೆ. ಎರಡು ಹೊತ್ತು ದೀಪ ಹಚ್ಚುವ ಅಜ್ಜಿ, ಹಬ್ಬಕ್ಕೆ ಮಾತ್ರ ಕೈಮುಗಿಯುವ ಮಗ, ಏನನ್ನೂ ನಂಬದ ಮೊಮ್ಮಗಳು ಒಂದೇ ಸೂರಿನಡಿ ಇರುತ್ತಾರೆ. ಮೂವರೂ ಒಂದೇ ಪಾಯಸ ತಿನ್ನುತ್ತಾರೆ. ಜಗಳ ಏಳುವುದು ಬೇರೆ ಕಡೆ. ಹಬ್ಬದ ದಿನ ನಾಲ್ಕು ಗಂಟೆಗೆ ಏಳಬೇಕಾದವರು ಯಾರು? ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಟ್ಟವರು ಯಾರು? ಅರಿಸಿನ ಕುಂಕುಮಕ್ಕೆ ಯಾರನ್ನು ಕರೆದರು, ಯಾರನ್ನು ಬಿಟ್ಟರು? ನಾನು ಇವತ್ತು ಮಾತಾಡುವುದು ಇಷ್ಟರ ಬಗ್ಗೆ ಮಾತ್ರ.

ನಾನು ಹುಟ್ಟಿದ್ದು ಗದಗದ ಕಡೆ. ಮದುವೆಯಾಗಿ ಬಂದದ್ದು ಮೈಸೂರಿನ ಕಡೆಗೆ. ತವರಿನ ಮನೆದೇವರು ಮೈಲಾರಲಿಂಗ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗುವುದು, ಮೈಲಾರನ ಭಕ್ತರಾದ ಗೊರವರ ದೋಣಿಯನ್ನು, ಅಂದರೆ ಅವರ ಭಿಕ್ಷೆಯ ಪಾತ್ರೆಯನ್ನು, ತುಂಬಿಸುವುದು, ಹಣೆ ತುಂಬ ಭಂಡಾರದ ಅರಿಸಿನ ಬಳಿದುಕೊಳ್ಳುವುದು, ‘ಏಳು ಕೋಟಿಗೋ’ ಎಂದು ಕೂಗುವುದು, ಇದೆಲ್ಲ ನನಗೆ ಅ ಆ ಇ ಈ ಕಲಿಯುವ ಮುಂಚೆಯೇ ಗೊತ್ತಿತ್ತು. ಮದುವೆಯ ಮರುದಿನ ನನ್ನ ಮನೆದೇವರು ನಂಜನಗೂಡಿನ ನಂಜುಂಡೇಶ್ವರನಾದ. ಯಾರೂ ಬಲವಂತ ಮಾಡಲಿಲ್ಲ. ಯಾರೂ ಕೇಳಲೂ ಇಲ್ಲ. ಅತ್ತೆ ಕಪಿಲಾ ನದಿಗೆ ಕರೆದುಕೊಂಡು ಹೋಗಿ ಸ್ನಾನ ಮಾಡಿಸಿದರು, ದರ್ಶನ ಮಾಡಿಸಿದರು. ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿದ್ದಕ್ಕೆ ಈ ದೇವರಿಗೆ ಹಕೀಂ (ವೈದ್ಯ) ನಂಜುಂಡ ಎಂಬ ಹೆಸರು ಬಂತು ಎನ್ನುವ ಕಥೆಯನ್ನೂ ಹೇಳಿದರು. ನನಗೆ ಆ ಕಥೆ ಬಹಳ ಇಷ್ಟವಾಯಿತು. ಆದರೆ ಮೈಲಾರಲಿಂಗ ಎಲ್ಲಿಗೆ ಹೋದ?

ಇಲ್ಲಿರುವ ಹೆಣ್ಣುಮಕ್ಕಳು ಸ್ವಲ್ಪ ಯೋಚನೆ ಮಾಡಿ. ನಿಮ್ಮಲ್ಲಿ ಹೆಚ್ಚಿನವರಿಗೆ ಇಬ್ಬರು ಮನೆದೇವರು. ಒಬ್ಬ ಲೆಕ್ಕಕ್ಕೆ ಇರುವವನು, ಇನ್ನೊಬ್ಬ ಮನಸ್ಸಿನಲ್ಲಿ ಇರುವವನು. ಗಂಡಸರಿಗೆ ಈ ತೊಂದರೆ ಇಲ್ಲ, ಅವರಿಗೆ ಹುಟ್ಟಿನಿಂದ ಸಾಯುವ ತನಕ ಒಬ್ಬನೇ. ಮಗುವಿಗೆ ಜ್ವರ ಬಂದ ರಾತ್ರಿ ನಾನು ನೆನೆದದ್ದು ನಂಜುಂಡನನ್ನಲ್ಲ. ಬಾಯಿಗೆ ಬಂದದ್ದು ಮೈಲಾರಲಿಂಗನ ಹೆಸರು. ಬೆಳಿಗ್ಗೆ ಅತ್ತೆ ಮಗುವಿನ ತಲೆ ಸವರಿ, ‘ನಂಜುಂಡ ಕಾಪಾಡಿದ’ ಎಂದರು. ನಾನು ಹೂಂ ಎಂದೆ. ಸ್ವಂತ ನಂಬಿಕೆ ಎನ್ನುವುದು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಹೀಗೇ ಇರುತ್ತದೆ. ಸದ್ದಿಲ್ಲದೆ. ಅದನ್ನು ಯಾರೂ ವಿಚಾರಿಸುವುದಿಲ್ಲ, ವಿಚಾರಿಸದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಮನಸ್ಸಿನೊಳಗೆ ಯಾರಿದ್ದಾರೆ ಎಂಬುದಕ್ಕೆ ಯಾರೂ ಲೆಕ್ಕ ಕೊಡಬೇಕಿಲ್ಲ.

ಆಚರಣೆ ಹಾಗಲ್ಲ. ಅದು ಇಡೀ ಮನೆಯದು. ಅದಕ್ಕೆ ನೀರು ಬೇಕು, ಸೌದೆ ಬೇಕು, ದುಡ್ಡು ಬೇಕು, ಕೈ ಬೇಕು. ಹಾಗಾಗಿ ಅದರ ಲೆಕ್ಕ ಕೇಳಬಹುದು.

ಕೇಳುವ ರೀತಿಯಲ್ಲೇ ನಾವು ಈಚೆಗೆ ದಾರಿ ತಪ್ಪಿದ್ದೇವೆ ಅನಿಸುತ್ತದೆ. ವಾಟ್ಸಾಪ್ ಬಂದ ಮೇಲೆ ಪ್ರತಿ ಆಚರಣೆಗೂ ಒಂದು ‘ವೈಜ್ಞಾನಿಕ ಕಾರಣ’ ಹುಟ್ಟಿಕೊಂಡಿದೆ. ಗಂಟೆ ಹೊಡೆದರೆ ಮಿದುಳಿಗೆ ಒಳ್ಳೆಯದು. ಕುಂಕುಮ ಇಟ್ಟರೆ ಯಾವುದೋ ನರ ಚುರುಕಾಗುತ್ತದೆ. ಕಾಲುಂಗುರಕ್ಕೂ ಗರ್ಭಕೋಶಕ್ಕೂ ಸಂಬಂಧ. ಓದಿದ ಮಕ್ಕಳ ಬಾಯಿ ಮುಚ್ಚಿಸಲು ಓದಿದ ಅಪ್ಪ ಅಮ್ಮ ಇದನ್ನು ಕಳಿಸುತ್ತಾರೆ. ನನಗೆ ಇದು ಎರಡೂ ಕಡೆಗೆ ಅವಮಾನ ಅನಿಸುತ್ತದೆ, ವಿಜ್ಞಾನಕ್ಕೂ, ದೇವರಿಗೂ.

ನಮ್ಮ ಕಡೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ಚಕ್ಕಡಿ ಹೂಡಿ ಹೋಗುವುದು. ಹೊಲದಲ್ಲಿ ಕಲ್ಲಿಟ್ಟು ಪೂಜೆ ಮಾಡಿ, ಎಡೆಯ ಅನ್ನವನ್ನು ಬೆಳೆಯ ಮೇಲೆ ನಾಲ್ಕೂ ದಿಕ್ಕಿಗೆ ಚೆಲ್ಲುವುದು. ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುವುದು. ಒಬ್ಬ ಹುಡುಗ ನನಗೆ ವಿವರಿಸಿದ, ‘ಆಂಟಿ, ಅದು ಹಕ್ಕಿಗಳನ್ನು ಹೊಲಕ್ಕೆ ಕರೆಯುವ ಉಪಾಯ, ಅವು ಹುಳ ತಿನ್ನುತ್ತವೆ.’ ಇರಬಹುದಪ್ಪಾ. ಆದರೆ ನನ್ನ ಅವ್ವ ಹಕ್ಕಿಗಾಗಿ ಚೆಲ್ಲಲಿಲ್ಲ. ಹೊಟ್ಟೆಯಲ್ಲಿ ತೆನೆ ಹೊತ್ತ ಭೂಮಿಗೆ ಬಯಕೆಯ ಊಟ ಬಡಿಸುತ್ತಿದ್ದಳು. ಮಲೆನಾಡಿನವರು ಭೂಮಿ ಹುಣ್ಣಿಮೆಗೆ ರಾತ್ರಿಯೆಲ್ಲ ಎದ್ದು ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಗದ್ದೆಗೆ ಒಯ್ಯುವುದೂ ಇದಕ್ಕೇ. ಅವ್ವನ ಆ ಭಾವನೆಯನ್ನು ತೆಗೆದು ಅಲ್ಲಿ ಕೀಟ ನಿಯಂತ್ರಣ ಇಟ್ಟರೆ ನನಗೇನು ಸಿಕ್ಕಿತು?

ಇಷ್ಟೇ ಆಗಿದ್ದರೆ ಸುಮ್ನೆ ನಕ್ಕು ಬಿಡಬಹುದಿತ್ತು. ‘ವೈಜ್ಞಾನಿಕ ಕಾರಣ’ದ ನಿಜವಾದ ಅಪಾಯ ಮುಟ್ಟಿನ ವಿಷಯದಲ್ಲಿದೆ. ‘ಹಿಂದಿನವರು ಹೆಂಗಸರಿಗೆ ವಿಶ್ರಾಂತಿ ಸಿಗಲಿ ಎಂದು ಮೂರು ದಿನ ಹೊರಗೆ ಕೂರಿಸುತ್ತಿದ್ದರು’ ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ವಿಶ್ರಾಂತಿ ಕೊಡುವ ಮನಸ್ಸಿದ್ದರೆ ಹಾಸಿಗೆ ಕೊಡುತ್ತಿದ್ದರು, ಗೋಣಿಚೀಲ ಕೊಡುತ್ತಿರಲಿಲ್ಲ. ಬೇರೆ ತಟ್ಟೆ, ಬೇರೆ ಲೋಟ ಇಡುತ್ತಿರಲಿಲ್ಲ. ನೆರಳು ಬಿದ್ದರೆ ಬೈಯುತ್ತಿರಲಿಲ್ಲ. ಹೊಲದ ಕೆಲಸಕ್ಕೆ, ಕೊಟ್ಟಿಗೆಯ ಕೆಲಸಕ್ಕೆ ಆ ಮೂರು ದಿನವೂ ರಜೆ ಇರಲಿಲ್ಲ ಎಂಬುದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು.

ತುಳುನಾಡಿನ ಕೆಡ್ಡಸ ನೋಡಿ. ಫೆಬ್ರುವರಿಯ ಹೊತ್ತಿಗೆ ಭೂಮಿತಾಯಿ ಮೂರು ದಿನ ಮುಟ್ಟಾಗುತ್ತಾಳೆ ಎಂಬ ನಂಬಿಕೆ. ಆ ದಿನಗಳಲ್ಲಿ ಉಳುವಂತಿಲ್ಲ, ಅಗೆಯುವಂತಿಲ್ಲ. ಹುರಿದ ಅಕ್ಕಿ, ಹುರುಳಿ, ಬೆಲ್ಲ, ತೆಂಗಿನಕಾಯಿ ಸೇರಿಸಿ ತಿಂಡಿ ಮಾಡುತ್ತಾರೆ. ಕೊನೆಗೆ ಮನೆಯ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು ಭೂಮಿಗೆ ಎಣ್ಣೆಸ್ನಾನ ಮಾಡಿಸುತ್ತಾರೆ. ಎಷ್ಟು ಚೆಂದದ ಆಚರಣೆ ಅಲ್ವಾ? ಮುಟ್ಟಾದ ಮಣ್ಣಿಗೆ ಹಬ್ಬ ಮಾಡಲು ಗೊತ್ತಿದ್ದ ನಮಗೆ ಮುಟ್ಟಾದ ಮಗಳ ವಿಷಯದಲ್ಲಿ ಯಾಕೆ ಗೊತ್ತಾಗಲಿಲ್ಲ?

ಹೊಸದಾಗಿ ಯಾರೋ ಪಟ್ಟಣದವರು ಎತ್ತಿದ ಪ್ರಶ್ನೆಯೂ ಇದಲ್ಲ. 12ನೇ ಶತಮಾನದಲ್ಲಿ ಶರಣರು ಐದು ಸೂತಕಗಳನ್ನು ಒಪ್ಪುವುದಿಲ್ಲ ಎಂದರು. ಹುಟ್ಟಿನ ಸೂತಕ, ಸಾವಿನ ಸೂತಕ, ಮುಟ್ಟಿನ ಸೂತಕ, ಎಂಜಲಿನ ಸೂತಕ, ಜಾತಿಯ ಸೂತಕ. ಹೆಣ್ಣು ಗಂಡು ಇಬ್ಬರಿಗೂ ಇಷ್ಟಲಿಂಗ ಕೊಟ್ಟರು. ಲಿಂಗ ಕಟ್ಟಿದ ಮೈಗೆ ಮೈಲಿಗೆ ಇಲ್ಲ ಎಂದರು. ದೇವರು ಅಂಗೈಯಲ್ಲೇ ಇದ್ದಾಗ ದೇವರ ಕೋಣೆಯಿಂದ ಹೊರಗೆ ನಿಲ್ಲು ಎಂದು ಹೇಳುವುದಾದರೂ ಹೇಗೆ? ಆದರೂ ಆ ಪರಂಪರೆಯ ಎಷ್ಟೋ ಮನೆಗಳಲ್ಲಿ ಹೊರಗೆ ಕೂರುವುದು ಹೋಗಲಿಲ್ಲ. ಪಕ್ಕದ ಮನೆಯಿಂದ ಕಲಿತದ್ದು ಗುರು ಹೇಳಿದ್ದಕ್ಕಿಂತ ಗಟ್ಟಿಯಾಗಿ ನಿಂತಿತು. ಇದು ನನಗೆ ಬೇಸರದ ಜೊತೆಗೆ ಕುತೂಹಲವನ್ನೂ ಹುಟ್ಟಿಸುತ್ತದೆ.

ತುಮಕೂರು, ಚಿತ್ರದುರ್ಗದ ಕೆಲವು ಗೊಲ್ಲರಹಟ್ಟಿಗಳಲ್ಲಿ (ಕಾಡುಗೊಲ್ಲರ ಹಟ್ಟಿಗಳಲ್ಲಿ) ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಲ್ಲಿ ಇಡುವ ಪದ್ಧತಿ ಈಗಲೂ ಪೂರ್ತಿ ಹೋಗಿಲ್ಲ. 2023ರ ಮಳೆಗಾಲದಲ್ಲಿ ತುಮಕೂರಿನ ಹತ್ತಿರ ಹಾಗೆ ಹೊರಗಿದ್ದ ಒಂದು ಎಳೆಕೂಸು ತೀರಿಹೋಯಿತು. ಪತ್ರಿಕೆಯಲ್ಲಿ ಓದಿದ್ದೀರಿ. ಅಲ್ಲಿ ಯಾರಿಗೂ ಆ ಕೂಸಿನ ಮೇಲೆ ದ್ವೇಷ ಇರಲಿಲ್ಲ. ದೇವರು ಮುನಿದಾನು ಎಂಬ ಹೆದರಿಕೆ ಇತ್ತು. ಹೆದರಿಕೆ ಇಡೀ ಹಟ್ಟಿಯದು, ಚಳಿ ಮಾತ್ರ ಆ ಕೂಸಿನದು.

ನಾನು ಕೇಳಬೇಕು ಎನ್ನುವ ಪ್ರಶ್ನೆ ಇದೇ. ಒಂದು ಆಚರಣೆಗೆ ಕಾರಣ ಏನು ಎಂದು ಹುಡುಕಬೇಡಿ, ಯಾವುದಕ್ಕೆ ಬೇಕಾದರೂ ಕಾರಣ ಕಟ್ಟಬಹುದು. ಅದರ ಭಾರ ಯಾರ ಮೈಮೇಲೆ ಬೀಳುತ್ತಿದೆ ಎಂದು ನೋಡಿ.

ಈ ಕಣ್ಣಿನಿಂದ ನೋಡಿದರೆ ಹರಕೆ ಬಹಳ ಸ್ವಾರಸ್ಯದ ವಿಷಯ. ಹರಕೆ ಎಂದರೆ ದೇವರ ಹತ್ತಿರ ಮಾಡುವ ಕೈಸಾಲ. ಕೆಲಸ ಆಗಲಿ, ತೀರಿಸುತ್ತೇನೆ ಎಂಬ ಮಾತು. ಹಳೆ ಮೈಸೂರಿನ ಮನೆಗಳಲ್ಲಿ ತಿಮ್ಮಪ್ಪನ ಮುಡಿಪು ಇರುತ್ತದೆ. ಅರಿಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿರುತ್ತಾರೆ. ಎಷ್ಟೇ ಕಷ್ಟ ಬಂದರೂ ಆ ಗಂಟನ್ನು ಬಿಚ್ಚುವುದಿಲ್ಲ. ಸಂಬಳ ಮುಗಿದ ತಿಂಗಳ ಕೊನೆಯಲ್ಲೂ ನಮ್ಮ ಮಾವ ಅದರ ಕಡೆ ಕೈ ಚಾಚಿದವರಲ್ಲ. ಇದರಲ್ಲಿ ನನಗೆ ಏನೂ ತಪ್ಪು ಕಾಣುವುದಿಲ್ಲ. ಸಾಲ ಮಾಡಿದವರೇ ತೀರಿಸುತ್ತಿದ್ದಾರೆ.

ತವರಿನಲ್ಲಿ ಇನ್ನೊಂದು ಬಗೆ ಇತ್ತು. ನಮ್ಮ ಊರಲ್ಲಿ ಮೊಹರಂ ಬಂತೆಂದರೆ ನಮ್ಮ ಮನೆಯಲ್ಲೂ ಸಡಗರ. ಅಣ್ಣನಿಗೆ ಚಿಕ್ಕವನಿದ್ದಾಗ ಕಾಯಿಲೆಯಾಗಿ, ಅವ್ವ ಮೊಹರಂನಲ್ಲಿ ಕೂರಿಸುವ ಅಲಾಯಿ ದೇವರಿಗೆ ಹರಕೆ ಹೊತ್ತಿದ್ದಳು. ಪ್ರತಿ ವರ್ಷ ಅವನ ಕೊರಳಿಗೆ ಕೆಂಪು ಲಾಡಿ (ದಾರ) ಹಾಕಿ ಫಕೀರನನ್ನಾಗಿ ಮಾಡುವುದು, ಸಕ್ರಿ ಓದಿಸಿ, ಅಂದರೆ ಸಕ್ಕರೆಯ ಮೇಲೆ ಪ್ರಾರ್ಥನೆ ಹೇಳಿಸಿ, ಓಣಿಗೆಲ್ಲ ಹಂಚುವುದು. ಮೊಹರಂನ ಸಿಹಿ ತಿಂಡಿ ಚೊಂಗೆ ಮಾಡುವುದರಲ್ಲಿ ಅವ್ವನ ಕೈ ಪಕ್ಕದ ಮನೆಯ ಖಾಲಾಗಿಂತ ಚೆನ್ನಾಗಿತ್ತು ಎಂದು ಖಾಲಾನೇ ಹೇಳುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಮುಸ್ಲಿಂ ಮನೆ ಒಂದೂ ಇಲ್ಲದೆ ಮೊಹರಂ ಮಾಡುವ ಹಳ್ಳಿಗಳೂ ಇವೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂಗೆ ಸುತ್ತಲಿನ ಎಲ್ಲ ಜಾತಿಯವರೂ ಹೋಗುತ್ತಾರೆ. ನಮ್ಮ ಧರ್ಮ, ಅವರ ಧರ್ಮ ಎಂದು ಅವ್ವ ಒಂದು ದಿನವೂ ವಿಂಗಡಿಸಲಿಲ್ಲ. ಅವಳಿಗೆ ಗೊತ್ತಿದ್ದದ್ದು ಮಗ ಬದುಕಿದ, ಕೊಟ್ಟ ಮಾತು ನಡೆಸಬೇಕು ಎನ್ನುವುದು. ದೊಡ್ಡವನಾದ ಮೇಲೆ ಅಣ್ಣ ‘ನನಗೆ ನಾಚಿಕೆ, ನಾನು ಒಲ್ಲೆ’ ಎಂದ. ಅವ್ವ ಎರಡು ದಿನ ಮಾತು ಬಿಟ್ಟಳು. ಆಮೇಲೆ ತಾನೇ ಲಾಡಿ ಹಾಕಿಕೊಂಡು ಹೋಗಿ ಸಕ್ರಿ ಓದಿಸಿಕೊಂಡು ಬಂದಳು. ಹರಕೆ ಹೊತ್ತವಳು ನಾನು, ನಾನೇ ತೀರಿಸುತ್ತೇನೆ ಎಂದಳು. ಎಷ್ಟು ಓದಿದರೂ ನನಗೆ ಇದಕ್ಕಿಂತ ಸ್ಪಷ್ಟವಾದ ನ್ಯಾಯ ಸಿಕ್ಕಿಲ್ಲ.

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನೀವು ಹೋಗಿರಬಹುದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಅಲ್ಲಿ ಸೇರುವ ಜನ, ಪಡ್ಡಲಗಿ (ದೇವಿಯ ಎಡೆಯ ಬುಟ್ಟಿ) ತುಂಬಿಸುವ ಹೆಂಗಸರು, ಗುಡ್ಡದ ತುಂಬ ಹಾರುವ ಭಂಡಾರ, ನೋಡಲು ಎರಡು ಕಣ್ಣು ಸಾಲದು. ಅದೇ ದೇವಿಯ ಹೆಸರಲ್ಲಿ ಮುತ್ತು ಕಟ್ಟುವ, ಅಂದರೆ ಹುಡುಗಿಯನ್ನು ದೇವಿಗೆ ಬಿಟ್ಟು ದೇವದಾಸಿ ಮಾಡುವ, ಪದ್ಧತಿಯೂ ನಡೆಯಿತು. ಮನೆಯಲ್ಲಿ ಕಾಯಿಲೆ, ಗಂಡು ಮಗು ಇಲ್ಲ, ಹುಡುಗಿಯ ತಲೆಯಲ್ಲಿ ಜಟೆ ಬಂತು ಎಂದು ದೊಡ್ಡವರು ಹರಕೆ ಹೊರುತ್ತಿದ್ದರು. ತೀರಿಸಬೇಕಾದವಳು ಏನೂ ಅರಿಯದ ಹುಡುಗಿ, ತನ್ನ ಇಡೀ ಬದುಕಿನಿಂದ. ಹರಕೆ ಹೊತ್ತ ಮನೆಗಳು ಹೆಚ್ಚಾಗಿ ದಲಿತರ, ಬಡವರ ಮನೆಗಳು. ಲಾಭ ಪಡೆದ ಗಂಡಸರು ಬೇರೆಯವರು. 1982ರಲ್ಲಿ ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂತು. ಅದು ದೇವಿಯನ್ನು ನಿಷೇಧಿಸಲಿಲ್ಲ, ಪಡ್ಡಲಗಿಯನ್ನೂ ನಿಷೇಧಿಸಲಿಲ್ಲ. ಒಬ್ಬರ ಹರಕೆಗೆ ಇನ್ನೊಬ್ಬರನ್ನು ಕೊಡುವುದನ್ನು ತಡೆಯಿತು.

2017ರ ಮೌಢ್ಯ ನಿಷೇಧ ಕಾಯ್ದೆ ಬಂದಾಗಲೂ ದೊಡ್ಡ ಗಲಾಟೆ ಆಯಿತು. ಸರ್ಕಾರ ನಮ್ಮ ಪೂಜೆಯನ್ನು ನಿಲ್ಲಿಸುತ್ತದೆ ಎಂದು ಹೆದರಿಸಿದರು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಯಾರ ಮನೆಯ ದೀಪವೂ ಆರಲಿಲ್ಲ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಮೈಗೆ ನೋವು ಮಾಡದ ಮನೆಯ ಪೂಜೆ ಪುನಸ್ಕಾರ ಎಲ್ಲವನ್ನೂ ಅದು ಹೊರಗಿಟ್ಟಿದೆ. ಮುಟ್ಟಾದವರನ್ನು, ಬಸುರಿಯರನ್ನು ಊರ ಹೊರಗೆ ದೂಡುವುದು ಅಪರಾಧದ ಪಟ್ಟಿಯಲ್ಲಿದೆ. ಗಲಾಟೆ ಮಾಡಿದವರಲ್ಲಿ ಎಷ್ಟು ಜನ ಓದಿದ್ದರೋ.

ಇನ್ನು ನಮ್ಮ ನಿಮ್ಮಂಥ ಮನೆಗಳ ವಿಷಯ. ಇಲ್ಲಿ ಯಾರನ್ನೂ ಗುಡಿಸಲಿಗೆ ಕಳಿಸುವುದಿಲ್ಲ. ಇಲ್ಲಿಯ ಭಾರ ಚಿಕ್ಕದು, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಅಯ್ಯಪ್ಪನ ಮಾಲೆಯನ್ನೇ ತೆಗೆದುಕೊಳ್ಳಿ. ಸಂಪ್ರದಾಯದಂತೆ 41 ದಿನದ ವ್ರತ. ಕಪ್ಪು ಬಟ್ಟೆ, ಬರಿಗಾಲು, ನೆಲದ ಮೇಲೆ ಮಲಗುವುದು, ಕುಡಿತ ಬಿಡುವುದು. ಒಳ್ಳೆಯದೇ. ಎಷ್ಟೋ ಮನೆಯವರು ವರ್ಷದಲ್ಲಿ ಆ ಕೆಲವು ವಾರ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಆದರೆ ಸ್ವಾಮಿಗಳಿಗೆ ಬೆಳಿಗ್ಗೆ ಮಡಿಯಲ್ಲಿ ತಿಂಡಿ ಆಗಬೇಕು. ಅದಕ್ಕೂ ಮೊದಲು ಮನೆಯಾಕೆಯ ಸ್ನಾನ ಆಗಬೇಕು. ಡಿಸೆಂಬರ್ ಚಳಿಯಲ್ಲಿ. ಅವಳಿಗೆ ಮಾಲೆ ಇಲ್ಲ, ‘ಸ್ವಾಮಿ’ ಎಂದು ಕರೆಯುವವರೂ ಇಲ್ಲ. ಆಮೇಲೆ ಅವಳು ಕೆಲಸಕ್ಕೂ ಹೋಗಬೇಕು. ರಂಜಾನ್ ತಿಂಗಳಲ್ಲೂ ಹೀಗೇ. ಉಪವಾಸ ಶುರುವಾಗುವ ಮುಂಚಿನ ಸಹರಿ ಊಟಕ್ಕೆ ಎಲ್ಲರಿಗಿಂತ ಮುಂಚೆ ಏಳುವವಳೂ ಅವಳೇ, ಹಸಿದುಕೊಂಡು ಇಫ್ತಾರಿಗೆ ಕರಿಯುವವಳೂ ಅವಳೇ. ಮುಟ್ಟಿನ ದಿನಗಳಲ್ಲಿ ಅವಳಿಗೆ ಉಪವಾಸ ಇಲ್ಲ, ತಪ್ಪಿದ ದಿನಗಳನ್ನು ಮುಂದೆ ಹಿಡಿದು ತೀರಿಸಬೇಕು. ಆಗ ಮನೆಯಲ್ಲಿ ಉಪವಾಸ ಇರುವವಳು ಅವಳೊಬ್ಬಳೇ. ಉಳಿದವರಿಗೆ ಮಾಮೂಲಿ ಅಡುಗೆ ಮಾಡುವವಳೂ ಅವಳೇ.

ನನ್ನ ಗೆಳತಿಯ ಗಂಡ ಮಾಲೆ ಹಾಕಿದಾಗ ಅವಳು ಒಂದು ಮಾತು ಹೇಳಿದಳಂತೆ, ‘ವ್ರತ ನಿಮ್ಮದು, ಅಡುಗೆಯೂ ನಿಮ್ಮದೇ ಇರಲಿ.’ ಅವರು ಮೊದಲು ಸಿಟ್ಟಾದರು. ಬೇರೆ ದಾರಿ ಇಲ್ಲದೆ ಉಪ್ಪಿಟ್ಟು ಕಲಿತರು. ಈಗ ಆ ಉಪ್ಪಿಟ್ಟಿನ ಬಗ್ಗೆ ಅವರಿಗೆ ಇರುವ ಅಭಿಮಾನ ಅಯ್ಯಪ್ಪನ ಮೇಲೂ ಇದೆಯೋ ಇಲ್ಲವೋ.

ವರಮಹಾಲಕ್ಷ್ಮಿ, ಗೌರಿ ಹಬ್ಬಗಳ ಮಾತು ಎತ್ತಿದರೆ ಬೆಳ್ಳಿ ಮುಖವಾಡ, ಕಳಶಕ್ಕೆ ಸೀರೆ ಉಡಿಸುವುದು, ಹೂವಿನ ರೇಟು ಎಂದು ಹರಟೆ ಎಲ್ಲೆಲ್ಲೋ ಹೋಗುತ್ತದೆ. ಅದನ್ನು ಬಿಡೋಣ. ನನ್ನನ್ನು ಕಾಡಿದ್ದು ಕುಂಕುಮದ ಬಟ್ಟಲು. ಗಂಡ ಸತ್ತವಳನ್ನು ದಾಟಿ ಆ ಬಟ್ಟಲು ಮುಂದೆ ಹೋಗುತ್ತದೆ. ಬೈಯುವುದಿಲ್ಲ, ಎದ್ದು ಹೋಗು ಎನ್ನುವುದಿಲ್ಲ. ಸುಮ್ಮನೆ ದಾಟುತ್ತದೆ. ನನ್ನ ನಾದಿನಿಗೆ ಚಿಕ್ಕ ವಯಸ್ಸಿನಲ್ಲೇ ಹಾಗಾಯಿತು. ಮುಂದಿನ ಗೌರಿ ಹಬ್ಬಕ್ಕೆ ಅವಳು ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ನಾನೇನೋ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ. ನಮ್ಮ ಅತ್ತೆ, ಮಡಿ ಮೈಲಿಗೆಯಲ್ಲಿ ಬಹಳ ಬಿಗಿ ಇದ್ದವರು, ಬಾಗಿನದ ಮೊರ ಎತ್ತಿಕೊಂಡು ಒಳಗೆ ಹೋದರು. ‘ಗೌರಿ ತವರಿಗೆ ಬರೋದು. ನೀನೂ ನನ್ನ ಮಗಳೇ, ತಗೋ’ ಎಂದರು. ಬಂದಿದ್ದವರಲ್ಲಿ ಇಬ್ಬರು ಮುಖ ಗಂಟಿಕ್ಕಿಕೊಂಡು ಹೋದರು. ಕೆಲವು ವರ್ಷ ನಮ್ಮ ಮನೆಗೆ ಬರಲಿಲ್ಲ. ಆಮೇಲೆ ಬಂದರು, ಯಾಕೆ ಬಂದರು ಎಂದು ನಾವೂ ಕೇಳಲಿಲ್ಲ.

ದೇವಸ್ಥಾನಗಳಲ್ಲೂ ಇಂಥದ್ದು ಆಗಿದೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು. ಅಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ಅದು ಊರಿಗೆ ಕಂಡಿತು, ಸುದ್ದಿಯಾಯಿತು. ಮನೆಯೊಳಗೆ ನಮ್ಮ ಅತ್ತೆಯಂಥವರು ಮಾಡಿದ್ದು ಯಾವ ಪತ್ರಿಕೆಗೂ ಬರುವುದಿಲ್ಲ. ಗಮನಿಸಿ, ಅತ್ತೆ ಹಬ್ಬವನ್ನು ಬಿಡಲಿಲ್ಲ. ಹಬ್ಬದ ಒಳಗಿನ ಕಥೆಯನ್ನೇ ಹಿಡಿದು ಹಬ್ಬವನ್ನು ತಿದ್ದಿದರು. ನನ್ನ ಭಾಷಣಕ್ಕೆ ಆ ಶಕ್ತಿ ಇರುತ್ತಿರಲಿಲ್ಲ.

ಎಲ್ಲವನ್ನೂ ಬಿಟ್ಟುಬಿಡೋಣ ಎನ್ನುವವರಿಗೂ ಒಂದು ಮಾತು. ಕುವೆಂಪು ಅವರಿಗಿಂತ ಕಟುವಾಗಿ ಪುರೋಹಿತಶಾಹಿಯನ್ನು ಬೈದವರು ಕಡಿಮೆ. ಆದರೆ 1966ರಲ್ಲಿ ಮಗ ತೇಜಸ್ವಿಯವರ ಮದುವೆ ಬಂದಾಗ ಅವರು ಸುಮ್ನೆ ರಿಜಿಸ್ಟರ್‌ಗೆ ಸಹಿ ಹಾಕಿಸಿ ಮುಗಿಸಲಿಲ್ಲ. ಕನ್ನಡದಲ್ಲೇ ಓದಿ ಹೇಳುವ ಮಾತುಗಳನ್ನು ಇಟ್ಟು ಮಂತ್ರ ಮಾಂಗಲ್ಯದ ರೀತಿಯಲ್ಲಿ ಮದುವೆ ಮಾಡಿದರು. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ, ಆದರೆ ಹತ್ತು ಜನ ಸೇರಿ ಕೇಳುವಂಥ ಒಂದು ಮಾತು ಇದೆ. ಇವತ್ತಿಗೂ ಎಷ್ಟೋ ಜೋಡಿಗಳು ಆ ರೀತಿ ಮದುವೆಯಾಗುತ್ತಾರೆ. ಬಿಟ್ಟ ಜಾಗದಲ್ಲಿ ಏನಾದರೂ ಇಡಬೇಕು ಎಂಬುದು ಅವರಿಗೆ ಗೊತ್ತಿತ್ತು.

ನಾನು ಹೇಳಬೇಕಾದದ್ದು ಇಷ್ಟೇ. ಈಗ ಪ್ರಶ್ನೆಗಳು.

(ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು: ‘ಮೊಮ್ಮಕ್ಕಳು ದೇವರ ಮುಂದೆ ಕೂರುವುದೇ ಇಲ್ಲ. ಗದರಿಸಿ ಕೂರಿಸಬೇಕೋ, ಬಿಡಬೇಕೋ?’)

ಸರ್, ಗದರಿಸಿ ಕೂರಿಸಿದರೆ ಕೂರುತ್ತಾರೆ, ಕೈಯಲ್ಲಿ ಫೋನ್ ಹಿಡಿದು. ನೀವು ಅವರಿಗೆ ಕೆಲಸ ಕೊಡಿ. ನಮ್ಮ ಕಾಲದಲ್ಲಿ ಶ್ರಾವಣ ಶನಿವಾರ ಹಣೆಗೆ ನಾಮ ಹಾಕಿಕೊಂಡು, ಚೊಂಬು ಹಿಡಿದು, ಗೋವಿಂದ ಎನ್ನುತ್ತಾ ಮನೆಮನೆಗೆ ಅಕ್ಕಿ ಬೇಡಲು ಹೋಗುತ್ತಿದ್ದ ಹುಡುಗರನ್ನು ನೀವೂ ನೋಡಿರುತ್ತೀರಿ, ನೀವೇ ಹೋಗಿದ್ದಿರಬಹುದು. ಅವರಲ್ಲಿ ಎಷ್ಟು ಜನರಿಗೆ ಭಕ್ತಿ ಇತ್ತು? ಮಜಾ ಇತ್ತು. ಬೀದಿಯಲ್ಲಿ ಓಡಾಡಲು ಒಂದು ಪರವಾನಗಿ ಸಿಗುತ್ತಿತ್ತು. ಭಕ್ತಿ ಬರುವವರಿಗೆ ಆಮೇಲೆ ಬಂತು, ಬರದವರಿಗೆ ಬರಲಿಲ್ಲ. ಒಂದು ಮಾತ್ರ ನೋಡಿಕೊಳ್ಳಿ, ಕೆಲಸ ಮೊಮ್ಮಗಳಿಗೆ ಮಾತ್ರ ಕೊಟ್ಟು ಮೊಮ್ಮಗನನ್ನು ಸೋಫಾದಲ್ಲಿ ಬಿಡಬೇಡಿ.

(ಇನ್ನೊಬ್ಬರು: ‘ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಹಬ್ಬವನ್ನೆಲ್ಲ ಶನಿವಾರಕ್ಕೋ ಭಾನುವಾರಕ್ಕೋ ಹಾಕಿಕೊಳ್ಳುತ್ತಾಳೆ. ತಿಥಿ ತಪ್ಪಿಸಿ ಮಾಡಿದರೆ ಫಲ ಇದೆಯಾ?’)

ಫಲದ ವಿಷಯ ನಾನು ಹೇಳಲಾರೆ, ಅಮ್ಮ. ಆದರೆ ಇಲ್ಲಿ ಒಂಟಿಕೊಪ್ಪಲ್ ಪಂಚಾಂಗ ನೋಡಿ ತಿಥಿ ಹಿಡಿದರೆ ಅಲ್ಲಿಯ ಸೂರ್ಯ ಬೇರೆ ಲೆಕ್ಕ ಹೇಳುತ್ತಾನೆ. ವಾರದ ಮಧ್ಯೆ ರಜೆ ಹಾಕಿ, ಒಬ್ಬಳೇ ಹೋಳಿಗೆ ತಟ್ಟಿ, ಒಬ್ಬಳೇ ತಿನ್ನುವುದಕ್ಕಿಂತ ಭಾನುವಾರ ನಾಲ್ಕು ಮನೆಯವರನ್ನು ಕರೆದರೆ ತಪ್ಪೇನು? ನಮ್ಮ ಮಂಗಳೂರಿನ ಕ್ರೈಸ್ತರನ್ನು ಕೇಳಿ ನೋಡಿ. ಸೆಪ್ಟೆಂಬರ್ 8ಕ್ಕೆ ಅವರಿಗೆ ಮೊಂತಿ ಫೆಸ್ತ್, ಮೇರಿ ಮಾತೆಯ ಹುಟ್ಟುಹಬ್ಬ. ಒಂಬತ್ತು ದಿನ ಮಕ್ಕಳು ಬಾಲ ಮೇರಿಗೆ ಹೂವು ಹಾಕುತ್ತಾರೆ. ಚರ್ಚಿನಲ್ಲಿ ಆಶೀರ್ವಾದ ಮಾಡಿಸಿದ ಹೊಸ ತೆನೆ ಮನೆಗೆ ತರುತ್ತಾರೆ. ಅದರ ಕಾಳನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯವರೆಲ್ಲ ಕೂತು ಬಾಳೆ ಎಲೆಯಲ್ಲಿ ಊಟ ಮಾಡುತ್ತಾರೆ. ಅವತ್ತು ಮೀನೂ ಇಲ್ಲ, ಮಾಂಸವೂ ಇಲ್ಲ. ಮುಂಬೈಗೆ, ಗಲ್ಫಿಗೆ ಹೋದ ಮಕ್ಕಳಿಗೆ ಆ ತೆನೆಯ ಕಾಳನ್ನು ಕವರಿನಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಅದು ತಲುಪುವ ಹೊತ್ತಿಗೆ ಹಬ್ಬ ಕಳೆದು ಎಷ್ಟು ದಿನ ಆಗಿರುತ್ತಿತ್ತೋ. ತಲುಪಿದ ದಿನ ಅಲ್ಲಿದ್ದವರು ಹಾಲಿಗೆ ಹಾಕಿಕೊಂಡು ಕುಡಿಯುತ್ತಿದ್ದರು. ಮಗಳಿಗೆ ಹೇಳಿ, ಭಾನುವಾರವೇ ಮಾಡಲಿ. ಹೋಳಿಗೆ ತಟ್ಟುವುದಕ್ಕೆ ಅಳಿಯನನ್ನೂ ಕರೆಯಲಿ.